ದೊಡ್ಡ ಸಂಖ್ಯೆ ಬಿಡಿಸುವಾಗ ಎಲ್ಲಿ ನಿಲ್ಲಿಸಬೇಕು?

ಸಂಖ್ಯೆಯನ್ನು ಅವಿಭಾಜ್ಯಗಳ ಗುಣಲಬ್ಧವಾಗಿ ಬಿಡಿಸಲು ಬೇಕಾದ ಭಾಗಾಕಾರ ಎಲ್ಲರಿಗೂ ಬರುತ್ತದೆ. ಎಲ್ಲಿ ನಿಲ್ಲಿಸಬೇಕು ಅನ್ನುವುದೇ ಬರುವುದಿಲ್ಲ. ಕೆಲವರು ಹತ್ತು ಸಲ ಭಾಗಿಸಿ, ಸಾಕಾಗಿ, ‘ಇದು ಅವಿಭಾಜ್ಯ’ ಎಂದು ಬರೆದು ಪೆನ್ನು ಮುಚ್ಚುತ್ತಾರೆ. ಇನ್ನು ಕೆಲವರು ಉತ್ತರ ಸಿಕ್ಕಿದ ಮೇಲೂ ಹಾಳೆಗಟ್ಟಲೆ ಭಾಗಿಸುತ್ತಲೇ ಇರುತ್ತಾರೆ.

1,23,45,678 ತೆಗೆದುಕೊಳ್ಳೋಣ.

ಮೊದಲು ಸುಲಭದ್ದು. ಕೊನೆಯಂಕೆ ಸಮ, 2ರಿಂದ ಭಾಗಿಸಿದರೆ 61,72,839. ಅಂಕೆಗಳ ಮೊತ್ತ 36, ಹಾಗಾಗಿ 9ರಿಂದ ಭಾಗಿಸಿ: 6,85,871. ಇದು 3ರಿಂದಲೂ 5ರಿಂದಲೂ ಭಾಗವಾಗುವುದಿಲ್ಲ.

7, 11, 13 ಮೂರನ್ನೂ ಒಂದೇ ಏಟಿಗೆ ಮುಗಿಸಬಹುದು. ಇವುಗಳ ಗುಣಲಬ್ಧ 1001. ಆದ್ದರಿಂದ ಸಂಖ್ಯೆಯನ್ನು ಮೂರು ಮೂರು ಅಂಕೆಗೆ ಕತ್ತರಿಸಿ ಕಳೆಯಿರಿ: 871 − 685 = 186. ಈ 186 ಆ 7, 11, 13ರಲ್ಲಿ ಯಾವುದರಿಂದಲೂ ಭಾಗವಾಗುವುದಿಲ್ಲ, ಹಾಗಾಗಿ 6,85,871 ಕೂಡ ಆಗುವುದಿಲ್ಲ.

ಈಗ ಗಡಿ ಹಾಕಿ. 828ರ ವರ್ಗ 6,85,584. 829ರ ವರ್ಗ ನಮ್ಮ ಸಂಖ್ಯೆಯನ್ನು ದಾಟುತ್ತದೆ. ಎರಡು ಅಪವರ್ತನಗಳಿದ್ದರೆ ಎರಡೂ ವರ್ಗಮೂಲಕ್ಕಿಂತ ದೊಡ್ಡವಾಗಿರಲು ಸಾಧ್ಯವಿಲ್ಲ ಅಲ್ವಾ? ಅಂದರೆ 828ರವರೆಗೆ ನೋಡಿದರೆ ಸಾಕು. 17, 19, 23, 29, 31, 37, 41, 43: ಎಲ್ಲದರಲ್ಲೂ ಶೇಷ ಉಳಿಯುತ್ತದೆ. ಜಾಸ್ತಿ ಜನ ಕೈಚೆಲ್ಲುವುದು ಇಲ್ಲೇ. ಮುಂದಿನದೇ 47, ಸರಿಯಾಗಿ 14,593 ಸಲ ಹೋಗುತ್ತದೆ!

ಸಿಕ್ಕಿದ ಕೂಡಲೇ ಹಳೆಯ ಗಡಿ ಹೊಡೆದುಹಾಕಿ. 120ರ ವರ್ಗ 14,400, 121ರದು 14,641. ಹೊಸ ಗಡಿ 120. ಇದನ್ನು ಮರೆತವರೇ 828ರವರೆಗೆ ಸುಮ್ನೆ ಬೆವರು ಸುರಿಸುವುದು. ಇನ್ನೊಂದು ಮಾತು, ನೇರವಾಗಿ 53ಕ್ಕೆ ಹಾರಬೇಡಿ. 3 ಎರಡು ಸಲ ಬಂದಂತೆ 47 ಕೂಡ ಮತ್ತೆ ಬರಬಹುದು. ನೋಡಿದರೆ ಶೇಷ 23, ಇಲ್ಲ. ನಂತರ 53ರಿಂದ 113ರವರೆಗೆ ಹದಿನೈದು ಅವಿಭಾಜ್ಯಗಳು. ಪಟ್ಟಿಯನ್ನು ಮೊದಲೇ ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ 91 ನುಸುಳುತ್ತದೆ; ಅದು 7 × 13. ಹದಿನೈದರಲ್ಲಿ ಒಂದೂ ಹೋಗುವುದಿಲ್ಲ. 14,593 ಅವಿಭಾಜ್ಯ.

ಕ್ಯಾಲ್ಕುಲೇಟರ್? ಎಂಟಂಕೆಯ ಅಗ್ಗದ್ದನ್ನು ದೊಡ್ಡ ಸಂಖ್ಯೆಗೆ ನಂಬಲೇಬೇಡಿ. 7,00,00,001 ಅನ್ನು 7ರಿಂದ ಭಾಗಿಸಿದರೆ ಪರದೆ ತುಂಬಿ 10000000 ಅಂತ ಮಾತ್ರ ಕಾಣುತ್ತದೆ, ಉಳಿದ 1 ಮಾಯ. ಉತ್ತರವನ್ನು ತಿರುಗಿ ಗುಣಿಸಿ ನೋಡುವುದೇ ನನ್ನ ರೂಢಿ. ಉತ್ತರವನ್ನಷ್ಟೇ ಉಗುಳುವ ಆ್ಯಪ್‌ಗಳಂತೂ ನನಗೆ ಬೇಡವೇ ಬೇಡ.

ಕೈಗೆ ಬಂದದ್ದು: 2 × 3² × 47 × 14,593. ಇದರಿಂದ ಒಟ್ಟು ಭಾಜಕಗಳನ್ನು ಎಣಿಸಲು ಪ್ರತಿ ಘಾತಕ್ಕೂ 1 ಕೂಡಿಸಿ ಗುಣಿಸಿ: 2 × 3 × 2 × 2 = 24. ಕೂಡಿಸುವುದು ಯಾಕೆಂದರೆ 3ಕ್ಕೆ ಮೂರು ದಾರಿ: ಬೇಡ, ಒಂದು ಸಲ, ಎರಡು ಸಲ. ಆ ‘ಬೇಡ’ವನ್ನು ಬಿಟ್ಟವರಿಗೆ ಎರಡೇ ಭಾಜಕ ಸಿಗುತ್ತದೆ.