ಬಿಸಿಲಿದ್ದರೂ ಎಲೆ ಯಾಕೆ ಸುಸ್ತಾಗುತ್ತದೆ? ದಾಸವಾಳದಲ್ಲೇ ನೋಡಿ

ಗಂಗಾವತಿ ಕಡೆ ಬಿಸಿಲಿಗೆ ಬರ ಇಲ್ಲ. ಬಿಸಿಲು ಜಾಸ್ತಿ ಇದ್ದರೆ ಎಲೆಯೂ ಜಾಸ್ತಿ ದುಡಿಯುತ್ತದೆ ಅಂದುಕೊಳ್ಳುತ್ತೇವೆ, ಅಲ್ವಾ? ಆದರೆ ಮಾಡಿದ ಸಕ್ಕರೆ ಎಲೆಯಿಂದ ಹೊರಗೆ ಸಾಗದಿದ್ದರೆ ಎಷ್ಟು ಬಿಸಿಲಿದ್ದರೂ ಕೆಲಸ ಕುಂಟುತ್ತದೆ. ಇದನ್ನು ಅಂಗಳದ ದಾಸವಾಳದಲ್ಲೇ ನೋಡಬಹುದು.

ಒಂದೇ ಥರ ಬಿಸಿಲು ಬೀಳುವ, ಪೆನ್ಸಿಲ್ ದಪ್ಪದ ಎರಡು ಕೊಂಬೆ ಆರಿಸಿ. ಒಂದರ ಬುಡದಲ್ಲಿ ಬ್ಲೇಡಿನಿಂದ ಸುತ್ತಲೂ 1 ಸೆಂಟಿಮೀಟರ್ ಅಗಲಕ್ಕೆ ತೊಗಟೆ ತೆಗೆಯಿರಿ. ಒಳಗಿನ ಬಿಳಿ ಕಟ್ಟಿಗೆಗೆ ಗಾಯ ಆಗಬಾರದು. ನೀರು ಏರುವುದು ಕಟ್ಟಿಗೆಯಲ್ಲಿ, ಸಕ್ಕರೆ ಇಳಿಯುವುದು ತೊಗಟೆಯಲ್ಲಿ. ಎಲೆಗೆ ನೀರು ಸಿಗುತ್ತಲೇ ಇರುತ್ತದೆ, ಸಕ್ಕರೆಯ ದಾರಿ ಮಾತ್ರ ಬಂದ್. ಆ ಕೊಂಬೆಯ ಕುಡಿ, ಮೊಗ್ಗುಗಳನ್ನೂ ಚಿವುಟಿ ಹಾಕಿ.

ಒಂದು ವಾರ ಬಿಡಿ. ಆಮೇಲೆ ಸೂರ್ಯ ಹುಟ್ಟುವ ಮೊದಲೇ ಎರಡೂ ಕೊಂಬೆಯಿಂದ ಒಂದೊಂದು ಬಲಿತ ಎಲೆ ಕಿತ್ತು, ಕುದಿಯುವ ನೀರಲ್ಲಿ ಎರಡು ನಿಮಿಷ ಬೇಯಿಸಿ. ಒಲೆ ಪೂರ್ತಿ ಆರಿಸಿದ ಮೇಲೇ ಸ್ಪಿರಿಟ್ ಬಾಟಲಿ ಮುಚ್ಚಳ ತೆಗೆಯಿರಿ. ಮಕ್ಕಳು ಮಾಡುವಾಗ ದೊಡ್ಡವರು ಪಕ್ಕದಲ್ಲೇ ಇರಲಿ. ಸ್ಪಿರಿಟ್ ಹಾಕಿದ ಲೋಟದಲ್ಲಿ ಎಲೆ ಮುಳುಗಿಸಿ, ಲೋಟವನ್ನು ಬಿಸಿನೀರಿನ ಪಾತ್ರೆಯಲ್ಲಿ ಇಡಿ. ಹಸಿರೆಲ್ಲ ಸ್ಪಿರಿಟ್‌ಗೆ ಇಳಿದು ಎಲೆ ಬಿಳಚಿಕೊಳ್ಳುತ್ತದೆ. ತೊಳೆದು, ತಟ್ಟೆಯಲ್ಲಿ ಹರಡಿ, ಟಿಂಚರ್ ಅಯೋಡಿನ್‌ನ ನಾಲ್ಕು ಹನಿ ಹಾಕಿ. ಎಲೆಯಲ್ಲಿ ಪಿಷ್ಟ, ಅಂದರೆ ಸಕ್ಕರೆಯಿಂದ ಮಾಡಿ ಕೂಡಿಟ್ಟ ಗಂಜಿ, ಇದ್ದರೆ ಅಯೋಡಿನ್ ತಾಗಿದಲ್ಲಿ ನೀಲಿಗಪ್ಪಾಗುತ್ತದೆ.

ಸಾದಾ ಕೊಂಬೆಯ ಎಲೆ ಹೆಚ್ಚು ಕಪ್ಪಾಗುವುದಿಲ್ಲ. ಹಗಲು ಕೂಡಿಟ್ಟ ಪಿಷ್ಟವನ್ನು ಅದು ರಾತ್ರಿ ಸಕ್ಕರೆ ಮಾಡಿ ಕಳಿಸಿಬಿಟ್ಟಿದೆ. ತೊಗಟೆ ತೆಗೆದ ಕೊಂಬೆಯ ಎಲೆ ನೀಲಿಗಪ್ಪು. ಪಿಷ್ಟವೆಲ್ಲ ಅಲ್ಲೇ ರಾಶಿ ಬಿದ್ದಿದೆ.

ರಾಶಿ ಬಿದ್ದರೆ ಕೆಲಸ ಯಾಕೆ ನಿಧಾನ? ನಮ್ಮೂರಿನ ರೈಸ್ ಮಿಲ್ ನೆನಪಿಸಿಕೊಳ್ಳಿ. ಕರೆಂಟ್ ಇದೆ, ಭತ್ತ ಇದೆ, ತುಂಬಲು ಚೀಲ ಮಾತ್ರ ಖಾಲಿ ಇಲ್ಲ. ಮಿಲ್ ನಿಲ್ಲಿಸಲೇಬೇಕು. ಎಲೆಯಲ್ಲಿ ಆ ಚೀಲವೇ ಫಾಸ್ಫೇಟ್ ಎಂಬ ರಂಜಕದ ಸಂಯುಕ್ತ. ಸಕ್ಕರೆಯ ಕಚ್ಚಾ ಸರಕು ಅದಕ್ಕೆ ಅಂಟಿಕೊಂಡೇ ಹಸಿರು ಕಣದಿಂದ (ಬಿಸಿಲು ಹಿಡಿಯುವ ಕ್ಲೋರೋಪ್ಲಾಸ್ಟ್‌ನಿಂದ) ಹೊರಬರುತ್ತದೆ. ಒಂದು ಹೊರಗೆ ಬಂದರೆ ಒಂದು ಖಾಲಿ ಫಾಸ್ಫೇಟ್ ಒಳಗೆ ಹೋಗಬೇಕು. ಸಕ್ಕರೆ ಸಾಗದಿದ್ದರೆ ಚೀಲ ಖಾಲಿಯಾಗಿ ಮರಳುವುದಿಲ್ಲ. ಪಿಷ್ಟ ಮಾಡಿದಾಗ ಒಂದಷ್ಟು ಚೀಲ ಬಿಡುಗಡೆ ಆಗುತ್ತವೆ, ನಿಜ. ಆದರೆ ಅದಕ್ಕೂ ಮಿತಿ ಇದೆ. ಫಾಸ್ಫೇಟ್ ಕಮ್ಮಿಯಾದರೆ ಬಿಸಿಲಿನ ಶಕ್ತಿಯನ್ನು ಹಿಡಿದಿಡುವ ಎಟಿಪಿಯೂ ಸಾಕಷ್ಟು ತಯಾರಾಗುವುದಿಲ್ಲ. ದಿನ ಕಳೆದಂತೆ ಗಾಳಿಯ ಇಂಗಾಲ ಹಿಡಿಯುವ ರುಬಿಸ್ಕೊ ಕಿಣ್ವವನ್ನೂ ಎಲೆ ಕಡಿಮೆ ಮಾಡಿಕೊಳ್ಳುತ್ತದೆ.

ರಾಯಚೂರಿನ ಹೊಲಗಳ ಹತ್ತಿಯೂ ದಾಸವಾಳದ ಬಳಗದ್ದೇ. ಸಕ್ಕರೆ ಎಳೆದುಕೊಳ್ಳುವ ಕಾಯಿ ಉದುರಿದ ಗಿಡ, ಕಾಯಿ ತುಂಬಿದ ಗಿಡ, ಎರಡರ ಎಲೆಯನ್ನೂ ಒಂದು ಬೆಳಗ್ಗೆ ತಂದು ಇದೇ ಥರ ಹೋಲಿಸಿ ನೋಡಿ.