ಎರಡು ರಿಪೋರ್ಟು, ಒಂದೇ ಮನೆ

ಮಂಗಳೂರಿನಲ್ಲಿ ಎಚ್‌ಐವಿಗೆ ಚಿಕಿತ್ಸೆ ಕೊಡುವ ಒಂದು ಎಆರ್‌ಟಿ ಕೇಂದ್ರದಲ್ಲಿ ನಾನು ಆಪ್ತ ಸಮಾಲೋಚಕಿ. ಎಚ್‌ಐವಿ ಸೋಂಕಿತ ದಂಪತಿ ಒಟ್ಟಿಗೆ ಬಂದರೂ ರಿಪೋರ್ಟನ್ನು ಒಟ್ಟಿಗೆ ಕೊಡುವುದಿಲ್ಲ. ಒಬ್ಬರು ಹೊರಗೆ ಬೆಂಚಿನ ಮೇಲೆ, ಒಬ್ಬರು ಒಳಗೆ. ಇದನ್ನು ನನಗೆ ಯಾವ ತರಬೇತಿಯೂ ಹೇಳಿಕೊಡಲಿಲ್ಲ, 2013ರ ಮಳೆಗಾಲ ಹೇಳಿಕೊಟ್ಟಿತು. ಗುರುತು ಸಿಗಬಾರದೆಂದು ವಿವರಗಳನ್ನು ಸ್ವಲ್ಪ ಬದಲಿಸಿದ್ದೇನೆ.

ನಮ್ಮಲ್ಲಿಗೆ ಬೋಟಿನ ಗಂಡಸರು ಬರುವುದೇ ಮೀನುಗಾರಿಕೆ ನಿಷೇಧದ ದಿನಗಳಲ್ಲಿ. ಬೋಟುಗಳು ದಕ್ಕೆಯಲ್ಲಿ ನಿಂತಾಗಲಷ್ಟೇ ಅವರಿಗೆ ತಮ್ಮ ಜ್ವರ, ಕೆಮ್ಮು ನೆನಪಾಗುತ್ತದೆ. ಹಾಗೆ ಬಂದವರಲ್ಲಿ ಒಬ್ಬರು ಖಾಸಗಿ ಲ್ಯಾಬಿನಲ್ಲಿ ತಮ್ಮದೂ ಹೆಂಡತಿಯದೂ ವೈರಲ್ ಲೋಡ್, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಎಂಬ ಪರೀಕ್ಷೆ, ಮಾಡಿಸಿಕೊಂಡೇ ಬಂದಿದ್ದರು. ಅವರದು ಲಕ್ಷದ ಹತ್ತಿರ, ಆಕೆಯದು ಇಪ್ಪತ್ತು ಸಾವಿರ. ಎರಡು ಕಾಗದ ಅಕ್ಕಪಕ್ಕ ಇಟ್ಟು ಅವರು ತೀರ್ಪನ್ನೂ ಕೊಟ್ಟುಬಿಟ್ಟರು: “ಇವಳದು ಹಳೆಯದಾಗಿ ಇಳಿದಿದೆ ಮೇಡಂ. ನನಗೆ ಬಂದದ್ದು ಇವಳಿಂದಲೇ.” ಮನೆಯಲ್ಲಿ ಬೀಡಿ ಕಟ್ಟುತ್ತಿದ್ದ ಆ ಹೆಂಗಸು ಮಾತೇ ಆಡಲಿಲ್ಲ. ಆಕೆಗೆ ಧೈರ್ಯ ತುಂಬಲೆಂದು ನಾನು ಹೇಳಿದೆ: “ನಿಮ್ಮದು ಕಡಿಮೆ ಇದೆ ಅಕ್ಕ, ಹೆದರಬೇಡಿ.”

ಆಗ ಸಿಡಿ4 ಎಂಬ ರೋಗನಿರೋಧಕ ಕೋಶಗಳ ಎಣಿಕೆ 350ಕ್ಕಿಂತ ಕೆಳಗಿಳಿದ ಮೇಲೆಯೇ ಸಾಮಾನ್ಯವಾಗಿ ಮಾತ್ರೆ ಶುರುವಾಗುತ್ತಿದ್ದುದು. ಆಕೆಯದು ನಾನೂರು ದಾಟಿತ್ತು. ಆರು ತಿಂಗಳಿಗೊಮ್ಮೆ ಬನ್ನಿ ಎಂದೆವು. ಬರಲಿಲ್ಲ. ಎರಡು ವರ್ಷ ಕಳೆದು ಕ್ಷಯದೊಂದಿಗೆ ಬಂದಾಗ ಸಿಡಿ4 ಇನ್ನೂರಕ್ಕೂ ಕೆಳಗಿತ್ತು. ಏಕೆ ಬರಲಿಲ್ಲ ಎಂದು ಕೇಳಿದ್ದಕ್ಕೆ ಸಿಟ್ಟಿಲ್ಲದೆ ಹೇಳಿದರು: “ನೀವೇ ಹೇಳಿದಿರಲ್ಲ ಮೇಡಂ, ನನ್ನದು ಕಡಿಮೆ ಎಂದು.”

ಆ ಮಾತು ಚುಚ್ಚಿದ ಮೇಲೆ ನಮ್ಮ ಡಾಕ್ಟರ ಹಿಂದೆ ಬಿದ್ದು ಓದತೊಡಗಿದೆ. ಅವರು ತೋರಿಸಿದ ಮೊದಲ ಅಧ್ಯಯನ 2001ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದದ್ದು. ಸೋಂಕಿನ ಆರಂಭದಲ್ಲಿ ಹೆಂಗಸರ ವೈರಲ್ ಲೋಡ್ ಮಧ್ಯಾಂಕ ಸುಮಾರು 15 ಸಾವಿರ, ಗಂಡಸರದು ಸುಮಾರು 50 ಸಾವಿರ. ಆದರೆ ಏಡ್ಸ್ ಹಂತ ತಲುಪುವ ಅಪಾಯದಲ್ಲಿ ಇಬ್ಬರ ನಡುವೆ ವ್ಯತ್ಯಾಸವಿರಲಿಲ್ಲ. ಅಂದರೆ ಗಂಡಸಿನ ಇಪ್ಪತ್ತು ಸಾವಿರವೂ ಹೆಂಗಸಿನ ಇಪ್ಪತ್ತು ಸಾವಿರವೂ ಒಂದಲ್ಲ. ನಾನು ಸಮಾಧಾನ ಹೇಳಲು ಬಳಸಿದ ಅಂಕಿ ಸಮಾಧಾನದ್ದಾಗಿರಲೇ ಇಲ್ಲ.

ಕಾರಣ ಹುಡುಕಿದವರಲ್ಲಿ ಮಾರ್ಕಸ್ ಆಲ್ಟ್‌ಫೆಲ್ಡ್ ತಂಡದ 2009ರ ಕೆಲಸ ಮುಖ್ಯ. ವೈರಸ್ಸಿನ ಆರ್‌ಎನ್‌ಎ ಗುರುತಿಸುವ ಟಿಎಲ್‌ಆರ್7 ಎಂಬ ಗ್ರಾಹಕದ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಹೆಂಗಸರಲ್ಲಿ ಎರಡು ಎಕ್ಸ್ ಇದ್ದರೂ ಒಂದು ಸುಮ್ಮನಾಗಿರಬೇಕು. ಈ ಜೀನ್ ಮಾತ್ರ ಕೆಲವು ಕೋಶಗಳಲ್ಲಿ ಆ ಕಟ್ಟಳೆ ತಪ್ಪಿಸಿಕೊಳ್ಳುತ್ತದೆ. ಎಚ್‌ಐವಿಯ ಸುಳಿವು ಸಿಕ್ಕಾಗ ಹೆಂಗಸರ ಪ್ಲಾಸ್ಮಸೈಟಾಯ್ಡ್ ಡೆಂಡ್ರಿಟಿಕ್ ಎಂಬ ರಕ್ಷಣಾ ಕೋಶಗಳು ವೈರಸ್ ತಡೆಯುವ ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಹೆಚ್ಚು ಸುರಿಸುತ್ತವೆ. ಇದರಲ್ಲಿ ಹಾರ್ಮೋನುಗಳ ಕೈವಾಡವೂ ಇದೆ.

ಇದನ್ನು ಕಟ್ಟಿದ ಬೀಡಿ ಒಪ್ಪಿಸಲು ಬ್ರಾಂಚಿಗೆ ಹೋಗುವ ಅವಸರದಲ್ಲಿರುವವರಿಗೆ ಹೇಳುವುದು ಹೇಗೆ? ನಾನು ಮನೆಯ ನಾಯಿಯನ್ನು ಹಿಡಿದುಕೊಂಡೆ. ಕಳ್ಳ ಬಂದಾಗ ಒಂದು ಮನೆಯ ನಾಯಿ ಜೋರಾಗಿ ಬೊಗಳುತ್ತದೆ, ಹೆಚ್ಚು ಕಳ್ಳರು ಒಳಗೆ ನುಗ್ಗುವುದಿಲ್ಲ. ಆದರೆ ಕಳ್ಳ ಕಾಂಪೌಂಡ್ ಬಿಟ್ಟು ಹೋಗುವುದೇ ಇಲ್ಲ. ನಾಯಿ ವರ್ಷಗಟ್ಟಲೆ ಬೊಗಳುತ್ತಲೇ ಇದ್ದರೆ ಮನೆಯವರು ನಿದ್ದೆಗೆಟ್ಟು ಕಾಯಿಲೆ ಬೀಳುತ್ತಾರೆ. ಒಂದೇ ಪ್ರಮಾಣದ ವೈರಸ್ಸಿಗೆ ಹೆಂಗಸರ ರೋಗನಿರೋಧಕ ಟಿ ಕೋಶಗಳು ಹೆಚ್ಚು ಕೆರಳುತ್ತವೆ, ಆ ಕೆರಳಿಕೆಯೇ ದೇಹವನ್ನು ಸವೆಸುತ್ತದೆ. ಡಾಕ್ಟರಿಗೆ ಈ ನಾಯಿ ಅಷ್ಟು ಹಿಡಿಸಲಿಲ್ಲ, ಇಂಟರ್‌ಫೆರಾನ್ ಬೊಗಳುವುದಿಲ್ಲ ಎಂದರು. ಕೇಳಿದವರು ಮಾತ್ರ ಮುಂದಿನ ಸಲ ತಪ್ಪದೆ ಬಂದರು, ನನಗೆ ಅಷ್ಟು ಸಾಕು.

ಗಂಡಂದಿರಿಗೆ ಮಾತ್ರ ನಾಯಿ ಬೇಡ, ನೇರ ಮಾತೇ ಬೇಕು: ಈ ಅಂಕಿ ಯಾರಿಂದ ಯಾರಿಗೆ ಬಂತೆಂದು ಹೇಳುವುದಿಲ್ಲ. ಇದನ್ನು ಕನಿಷ್ಠ ಮೂರು ಸಲ ಹೇಳುತ್ತೇನೆ. ಹೆಂಗಸರ ಸೋಂಕು ಎಷ್ಟೋ ಸಲ ಬಸುರಿನ ತಪಾಸಣೆಯಲ್ಲಿ ಮೊದಲು ಗೊತ್ತಾಗುತ್ತದೆ. ಮೊದಲು ಗೊತ್ತಾದವಳೇ ತಂದವಳು ಎಂಬ ಲೆಕ್ಕ ಮನೆಯಲ್ಲಿ ಅಷ್ಟರಲ್ಲೇ ಮುಗಿದಿರುತ್ತದೆ. ತಡವಾಗಿ ಬರುವ ಗಂಡಸರ ಸ್ಥಿತಿ ಹದಗೆಟ್ಟಿರುವುದಕ್ಕೆ ಎಕ್ಸ್ ಕ್ರೋಮೋಸೋಮನ್ನು ದೂರಿ ಪ್ರಯೋಜನವಿಲ್ಲ, ಅದು ದಕ್ಕೆಯ ದಿನಚರಿಯ ಫಲ. ದೇಹದ ವ್ಯತ್ಯಾಸ ಯಾವುದು, ಬದುಕಿನ ವ್ಯತ್ಯಾಸ ಯಾವುದು ಎಂದು ಬಿಡಿಸುವುದರಲ್ಲೇ ನನ್ನ ಅರ್ಧ ದಿನ ಹೋಗುತ್ತದೆ.

ಮಂಗಳಮುಖಿಯರೊಂದಿಗೆ ಮಾತು ಬೇರೆಯೇ. ಎಚ್‌ಐವಿ ಮಾತ್ರೆ ತಾವು ತೆಗೆದುಕೊಳ್ಳುವ ಹಾರ್ಮೋನನ್ನು ಕೆಡಿಸುತ್ತದೆಂದು ಹೆದರಿ ಕೆಲವರು ಮಾತ್ರೆಯನ್ನೇ ಬಿಡುತ್ತಿದ್ದರು. ಹಳೆಯ ಎಫಾವಿರೆಂಜ್ ಮಾತ್ರೆಯ ವಿಷಯದಲ್ಲಿ ಆ ಭಯ ಪೂರ್ತಿ ಸುಳ್ಳಲ್ಲ. ಅದು ಈಸ್ಟ್ರೋಜನ್ ಮಟ್ಟ ಇಳಿಸಬಲ್ಲದು. ಈಗಿನ ಡೊಲುಟೆಗ್ರಾವಿರ್‌ನಲ್ಲಿ ಆ ತೊಡಕಿಲ್ಲ. ಹಾರ್ಮೋನು ತೆಗೆದುಕೊಳ್ಳುತ್ತೀರಾ ಎಂದು ಮುಖ ಗಂಟಿಕ್ಕದೆ ಕೇಳಿದರೆ ಅವರೇ ಎಲ್ಲ ಹೇಳುತ್ತಾರೆ. ನಾನು ಕೇಳಲು ಕಲಿತದ್ದು ತಡವಾಗಿ.

2017ರಿಂದ ಸಿಡಿ4 ಎಷ್ಟೇ ಇರಲಿ, ಸೋಂಕು ಖಚಿತವಾದ ಎಲ್ಲರಿಗೂ ಉಚಿತ ಚಿಕಿತ್ಸೆ. ಕಾಯಿಸುವ ಪಾಪ ನಮಗೆ ತಪ್ಪಿತು. ಆ ಬೀಡಿಯ ಅಕ್ಕ ಕ್ಷಯದಿಂದ ಗುಣವಾಗಿ ಈಗಲೂ ಬರುತ್ತಾರೆ, ಗಂಡನೂ. ಕಳೆದ ಮಳೆಗಾಲದಲ್ಲಿ ಹೊರಗಿನ ಬೆಂಚಿನಿಂದ ಅವರು ತಲೆ ಒಳಗೆ ಹಾಕಿ ಕೇಳಿದರು: “ಈ ಸಲ ಯಾರದು ಕಡಿಮೆ ಮೇಡಂ?” ಇಬ್ಬರ ಕಾಗದದಲ್ಲೂ ವೈರಸ್ ಪತ್ತೆಯಾಗಿಲ್ಲ ಎಂದೇ ಇತ್ತು. ನಿಮ್ಮ ಸರದಿ ಬಂದಾಗ ಹೇಳುತ್ತೇನೆ, ಕುಳಿತುಕೊಳ್ಳಿ ಅಣ್ಣ ಎಂದೆ.