ಲಲಿತ್‌ಪುರದ ಬಾಲಗೃಹದಲ್ಲಿ ಆರು ತಿಂಗಳು ಪಾಠ ಹೇಳಿದ್ದು

ನಾನು 2018ರ ಜುಲೈ ನಡುವಿನಿಂದ ಆರು ತಿಂಗಳ ಕಾಲ ನೇಪಾಳದ ಲಲಿತ್‌ಪುರದ ಒಂದು ಬಾಲಗೃಹದಲ್ಲಿ ಸ್ವಯಂಸೇವಕ ಶಿಕ್ಷಕಿಯಾಗಿದ್ದೆ. ಅದಕ್ಕೆ ಮೊದಲು ಹದಿನೇಳು ವರ್ಷ ಪ್ರಾಥಮಿಕ ಶಾಲೆಯಲ್ಲಿ ಗಣಿತ ಕಲಿಸಿದ್ದೆ. ಸಂಬಳವಿಲ್ಲದ ರಜೆ ಹಾಕಿ ಹೋದೆ. ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಕಿಲ್ಲ. ಆದರೆ ಆ ಸಂಸ್ಥೆಯವರು ಪೊಲೀಸ್ ಪರಿಶೀಲನಾ ಪ್ರಮಾಣಪತ್ರ, ಮುಖ್ಯೋಪಾಧ್ಯಾಯರ ಪತ್ರ, ಆರು ತಿಂಗಳು ತುಂಬುವ ಮೊದಲು ಬಿಟ್ಟುಹೋಗುವುದಿಲ್ಲವೆಂಬ ಮುಚ್ಚಳಿಕೆ, ಇಷ್ಟನ್ನೂ ಕೇಳಿ ಪಡೆದರು. ಆಗ ಇದು ಅತಿಯಾಯಿತೆನಿಸಿತ್ತು. ಈಗ ಯಾರಾದರೂ ನನ್ನನ್ನು ವಿಚಾರಿಸಿದರೆ, ಇವನ್ನು ಕೇಳದೆ ಒಳಗೆ ಬಿಟ್ಟುಕೊಳ್ಳುವ ಬಾಲಗೃಹಕ್ಕೆ ಹೋಗಲೇಬೇಡಿ ಎನ್ನುತ್ತೇನೆ.

ಹೋದ ದಿನ ಸಂಜೆ, ನಾನಿನ್ನೂ ಚೀಲ ಬಿಚ್ಚುತ್ತಿರುವಾಗ, ಆರು ವರ್ಷದ ಹುಡುಗನೊಬ್ಬ ಬಾಗಿಲ ಚೌಕಟ್ಟನ್ನು ಹಿಡಿದು ನಿಂತು ಕೇಳಿದ: ‘ದಿದಿ, ಕಹಿಲೆ ಜಾನೇ?’ ಅಕ್ಕಾ, ಯಾವಾಗ ಹೋಗುವುದು ಎಂದು. ನನ್ನ ಹೆಸರು, ಊರು ಯಾವುದನ್ನೂ ಅವನು ಕೇಳಲಿಲ್ಲ. ನನಗಿಂತ ಮೊದಲು ಎರಡು ವರ್ಷಗಳಲ್ಲಿ ಬೇರೆ ಬೇರೆ ದೇಶಗಳ ಏಳು ಜನ ಬಂದು, ಮುದ್ದುಮಾಡಿ, ಅಳುತ್ತ ಹೋಗಿದ್ದರೆಂಬುದು ಆಮೇಲೆ ಗೊತ್ತಾಯಿತು. ಆ ರಾತ್ರಿಯೇ ನಾನು ಊಟದ ಕೋಣೆಯ ಗೋಡೆಯಲ್ಲಿದ್ದ ವಿಕ್ರಮ ಸಂವತ್ ಕ್ಯಾಲೆಂಡರಿನಲ್ಲಿ ಜನವರಿ ನಡುವಿಗೆ ಮುಗಿಯುವ ಪೌಷ ಮಾಸದ ಹಾಳೆಯನ್ನು ತೆರೆದು, ಕೊನೆಯ ದಿನದ ಸುತ್ತ ಕೆಂಪು ಗೆರೆ ಎಳೆದು ಅವನಿಗೆ ತೋರಿಸಿದೆ. ಮಕ್ಕಳಿಗೆ ಹೊರಡುವ ದಿನವನ್ನು ಮೊದಲೇ ಹೇಳಬಾರದೆಂದು ಕೆಲವರು ಸಲಹೆ ಕೊಟ್ಟಿದ್ದರು. ನನಗೆ ಅದು ಸರಿಕಾಣಲಿಲ್ಲ.

ಮನೆಯಲ್ಲಿ ಇಪ್ಪತ್ತಮೂರು ಮಕ್ಕಳು, ಒಂದನೆಯ ತರಗತಿಯಿಂದ ಹತ್ತರವರೆಗೆ. ಅವರನ್ನು ನೋಡಿಕೊಳ್ಳುತ್ತಿದ್ದವರನ್ನು ಎಲ್ಲರೂ ಆಮಾ, ಅಂದರೆ ಅಮ್ಮ, ಎಂದೇ ಕರೆಯುತ್ತಿದ್ದರು. ಐದೂವರೆಗೆ ಎಲ್ಲರೂ ಎದ್ದು ಚಿಯಾ, ಅಂದರೆ ಚಹಾ, ಕುಡಿಯುತ್ತಿದ್ದರು; ಆರರಿಂದ ಎಂಟರವರೆಗೆ ನನ್ನ ಪಾಠ; ಒಂಬತ್ತಕ್ಕೆ ಹೊಟ್ಟೆ ತುಂಬ ದಾಲ್ ಭಾತ್ ಉಂಡು ಹತ್ತು ಗಂಟೆಗೆ ಹತ್ತಿರದ ಸರ್ಕಾರಿ ಶಾಲೆಗೆ ಹೋಗುತ್ತಿದ್ದರು. ಆಗ ನೇಪಾಳದಲ್ಲಿ ವಾರದ ರಜೆ ಶನಿವಾರ ಮಾತ್ರ; ಭಾನುವಾರ ಶಾಲೆ ಇರುತ್ತಿತ್ತು. ಇದಕ್ಕೆ ಹೊಂದಿಕೊಳ್ಳಲು ನನಗೆ ಒಂದು ತಿಂಗಳೇ ಹಿಡಿಯಿತು. ಸಂಜೆ ಮಕ್ಕಳು ಬಂದು ಅವಲಕ್ಕಿ ತಿಂದ ಮೇಲೆ ಐದರಿಂದ ಆರೂವರೆಯವರೆಗೆ ಮತ್ತೆ ಪಾಠ. ಒಂದೇ ಕೋಣೆಯಲ್ಲಿ ಹತ್ತು ತರಗತಿಗಳಾದ್ದರಿಂದ ಬಹುವರ್ಗ ಬೋಧನೆಯ ಹಳೆಯ ಅಭ್ಯಾಸವೇ ಕೈಹಿಡಿಯಿತು. ತರಗತಿಯ ಲೆಕ್ಕ ಬಿಟ್ಟು, ಯಾರಿಗೆ ಏನು ಬರುತ್ತದೆಂಬುದನ್ನು ನೋಡಿ ನಾಲ್ಕು ಗುಂಪು ಮಾಡಿದೆ. ಹಗಲಿನಲ್ಲಿ ಭಕ್ತಪುರ ಜಿಲ್ಲೆಯ ಸಾನೋಠಿಮಿಯಲ್ಲಿ ಅಚ್ಚಾಗಿ ಬರುವ ಅವರ ಸರ್ಕಾರಿ ಪಠ್ಯಪುಸ್ತಕಗಳನ್ನು ಓದಿ ಮರುದಿನಕ್ಕೆ ಸಿದ್ಧಳಾಗುತ್ತಿದ್ದೆ.

ಹಿಂದಿ ಬರುತ್ತದೆ, ಹೇಗೋ ನಡೆಯುತ್ತದೆ ಎಂಬ ಧೈರ್ಯದಿಂದ ಹೋಗಿದ್ದೆ. ಹಿಂದಿಯದೇ ಲಿಪಿಯಾದ್ದರಿಂದ ನೇಪಾಳಿ ಓದಲು ಬಂದಿತೇ ಹೊರತು ಮಾತು ಬರಲಿಲ್ಲ. ಆಮಾ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತ ದಿನಕ್ಕೆ ಹತ್ತು ವಾಕ್ಯಗಳಂತೆ ಕಲಿಸಿದರು. ದೊಡ್ಡವರಿಗೆ ‘ತಪಾಈಂ’ (ನೀವು), ಮಕ್ಕಳಿಗೆ ‘ತಿಮಿ’ (ನೀನು) ಎನ್ನಬೇಕೆಂದು ತಿದ್ದಿದರು. ಆ ಮನೆಯಲ್ಲಿ ನಾನು ಕಲಿಸಿದ್ದಕ್ಕಿಂತ ಮೊದಲು ಕಲಿತದ್ದು ಇದು.

ಒಂಬತ್ತು ವರ್ಷದ ಹುಡುಗಿಯೊಬ್ಬಳು 42ರಲ್ಲಿ 17 ಕಳೆದು 35 ಎಂದು ಬರೆಯುತ್ತಿದ್ದಳು. ಏಳರಲ್ಲಿ ಎರಡು ಕಳೆದರೆ ಐದು, ನಾಲ್ಕರಲ್ಲಿ ಒಂದು ಕಳೆದರೆ ಮೂರು: ದೊಡ್ಡದರಲ್ಲಿ ಚಿಕ್ಕದನ್ನು ಕಳೆಯುವುದೆಂದು ಅವಳು ತಿಳಿದಿದ್ದಳು. ಶಾಲೆಯಲ್ಲಿ ಪ್ರತಿಸಲವೂ ಕೆಂಪು ಶಾಯಿಯ ಗುಣಾಕಾರ ಗುರುತು ಬೀಳುತ್ತಿತ್ತು, ಯಾಕೆಂದು ಮಾತ್ರ ಯಾರೂ ಹೇಳಿರಲಿಲ್ಲ. ನಾನು ಬೆಂಕಿಕಡ್ಡಿಗಳನ್ನು ಹತ್ತು ಹತ್ತರ ಕಟ್ಟು ಮಾಡಿ, ನಾಲ್ಕು ಕಟ್ಟು ಮತ್ತು ಎರಡು ಬಿಡಿ ಕಡ್ಡಿಗಳನ್ನು ಅವಳ ಮುಂದಿಟ್ಟು, ಹದಿನೇಳು ಕೊಡು ಎಂದೆ. ಅವಳು ಒಂದು ಕಟ್ಟನ್ನು ಕೊಟ್ಟಳು, ಎರಡು ಬಿಡಿ ಕಡ್ಡಿ ಕೊಟ್ಟಳು, ಅಲ್ಲಿಗೆ ನಿಂತಳು. ಉಳಿದ ಕಟ್ಟುಗಳನ್ನು ಬಹಳ ಹೊತ್ತು ನೋಡಿ, ‘ಇದನ್ನು ಬಿಚ್ಚಬಹುದೇ?’ ಎಂದು ಕೇಳಿದಳು. ಬಿಚ್ಚು ಎಂದೆ. ದಾರ ಬಿಚ್ಚಿ ಐದು ಕಡ್ಡಿ ಎಣಿಸಿ ಕೊಟ್ಟು, ಉಳಿದದ್ದನ್ನು ಎರಡು ಸಲ ಎಣಿಸಿ, ಇಪ್ಪತ್ತೈದು ಎಂದಳು. ದಶಕ ತೆಗೆದುಕೊಳ್ಳುವುದೆಂದರೆ ಕಟ್ಟು ಬಿಚ್ಚುವುದೆಂದು ಆಕೆಗೆ ತಿಳಿದ ಆ ಕ್ಷಣವನ್ನು ನೆನೆದರೆ ಇವತ್ತಿಗೂ ನನ್ನ ಕಣ್ಣು ತುಂಬುತ್ತದೆ.

ಇನ್ನೊಬ್ಬ ಹುಡುಗನ ತಪ್ಪು ಬೇರೆ ಬಗೆಯದು. ಹಳ್ಳಿಯಲ್ಲಿ ನೇಪಾಳಿ ಮಾಧ್ಯಮದಲ್ಲಿ ಓದಿ ಬಂದವನಿಗೆ ಇಲ್ಲಿ ಗಣಿತ ಇಂಗ್ಲಿಷಿನಲ್ಲಿತ್ತು. ನಾಗರಿ ಲಿಪಿಯ ಒಂದು ನೋಡಲು 9ರಂತಿರುತ್ತದೆ, ನಾಲ್ಕು 8ರಂತೆ. ಅವನು ತನ್ನ ರೂಢಿಯಂತೆ ಒಂದನ್ನು ಬರೆದು, ಮುಂದಿನ ಸಾಲಿನಲ್ಲಿ ಅದನ್ನೇ ಒಂಬತ್ತೆಂದು ಓದುತ್ತಿದ್ದ. ದಡ್ಡನೆಂದು ಹೆಸರಾಗಿದ್ದ ಆ ಹುಡುಗನಿಗೆ ಎರಡೂ ಅಂಕಿಗಳ ಪಟ್ಟಿಯನ್ನು ಡೆಸ್ಕಿನ ಮೇಲೆ ಅಂಟಿಸಿಕೊಟ್ಟೆ. ಮೂರು ವಾರಗಳಲ್ಲಿ ಸರಿಹೋಯಿತು.

ನಾನು ಮಾಡಿದ ತಪ್ಪನ್ನೂ ಹೇಳಬೇಕು. ಎರಡನೆಯ ವಾರದಲ್ಲಿ, ನಮ್ಮ ಶಾಲೆಯಲ್ಲಿ ಕೊಡುವಂತೆಯೇ, ‘ನನ್ನ ಕುಟುಂಬ’ ಎಂದು ಪ್ರಬಂಧ ಬರೆಯಲು ಹೇಳಿದೆ. ಕೋಣೆ ಒಮ್ಮೆಲೇ ಸ್ತಬ್ಧವಾಯಿತು. ಸಿಂಧುಪಾಲ್ಚೋಕ್ ಜಿಲ್ಲೆಯಿಂದ ಬಂದ ಅಕ್ಕತಮ್ಮ ಇಬ್ಬರೂ ಪುಸ್ತಕ ಮುಚ್ಚಿ ಹೊರಗೆ ಹೋದರು. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಅವರ ಮನೆ ಬಿದ್ದಿತ್ತು. ಪಾಠಕ್ಕೆ ಅವರು ಯಾವಾಗಲೂ ಬಾಗಿಲ ಪಕ್ಕದಲ್ಲೇ ಕೂರುತ್ತಿದ್ದುದನ್ನು ನಾನು ನೋಡಿದ್ದೆ, ಯಾಕೆಂದು ಯೋಚಿಸಿರಲಿಲ್ಲ. ಆಮಾ ನನ್ನನ್ನು ಅಡುಗೆಮನೆಗೆ ಕರೆದು, ಬೈಯದೆ, ವಿಷಯ ತಿಳಿಸಿದರು. ಮರುದಿನ ವಿಷಯವನ್ನು ‘ನನಗೆ ಚೆನ್ನಾಗಿ ಬರುವ ಒಂದು ಕೆಲಸ’ ಎಂದು ಬದಲಿಸಿದೆ. ಭತ್ತದ ಸಸಿ ಕೀಳುವುದು, ಕುರಿಗೆ ದಾರಿ ತೋರಿಸುವುದು, ತಮ್ಮನನ್ನು ಬೆನ್ನಿಗೆ ಕಟ್ಟಿಕೊಂಡು ನೀರು ತರುವುದು, ಹೀಗೆ ಬರೆದರು. ಬಾಗಿಲ ಪಕ್ಕದ ಇಬ್ಬರೂ ಬರೆದರು.

ಅಕ್ಟೋಬರಿನಲ್ಲಿ ದಶೈಂ ಹಬ್ಬಕ್ಕೆ ಶಾಲೆಗೆ ರಜೆ ಬಂದಾಗ ಮನೆ ಬರಿದಾಯಿತು. ಇಪ್ಪತ್ತಮೂರು ಮಕ್ಕಳಲ್ಲಿ ಹದಿನಾರು ಮಂದಿಯನ್ನು ಅವರ ತಾಯಿ, ಚಿಕ್ಕಪ್ಪ, ಅಜ್ಜಿ ಬಂದು ಊರಿಗೆ ಕರೆದುಕೊಂಡು ಹೋದರು. ಅನಾಥಾಲಯವೆಂದುಕೊಂಡು ಬಂದಿದ್ದ ನಾನು ಆ ದಿನ ಬಸ್ ನಿಲ್ದಾಣದಲ್ಲಿ ನಿಂತು, ಇವರು ಅನಾಥರೇ ಅಲ್ಲವಲ್ಲ ಎಂದು ತಬ್ಬಿಬ್ಬಾದೆ. ಇದು ಆ ಒಂದು ಮನೆಯ ಕಥೆಯಲ್ಲ. ಜಗತ್ತಿನ ಬಾಲಗೃಹಗಳಲ್ಲಿರುವ ಐದು ಮಕ್ಕಳಲ್ಲಿ ಕನಿಷ್ಠ ನಾಲ್ವರಿಗೆ ತಂದೆ ಅಥವಾ ತಾಯಿ, ಇಲ್ಲವೇ ಇಬ್ಬರೂ ಇದ್ದಾರೆಂದು ಸೇವ್ ದ ಚಿಲ್ಡ್ರನ್ ಸಂಸ್ಥೆ 2009ರ ವರದಿಯಲ್ಲೇ ಹೇಳಿತ್ತು. ನೇಪಾಳದಲ್ಲಂತೂ 1996ರಿಂದ 2006ರವರೆಗಿನ ಸಶಸ್ತ್ರ ಸಂಘರ್ಷದ ಕಾಲದಲ್ಲಿ, ಹುಮ್ಲಾದಂಥ ದೂರದ ಜಿಲ್ಲೆಗಳ ಬಡವರಿಂದ ಹಣ ಪಡೆದು, ಓದಿಸುತ್ತೇವೆಂದು ನಂಬಿಸಿ ಮಕ್ಕಳನ್ನು ಕಾಠ್ಮಂಡುವಿಗೆ ತಂದ ದಲ್ಲಾಳಿಗಳಿದ್ದರು. ಬಾಲಗೃಹ ಕೊನೆಯ ಆಯ್ಕೆಯಾಗಬೇಕು, ಅದಕ್ಕೆ ಮೊದಲು ಬಂಧುಗಳ ಮನೆಯನ್ನು ನೋಡಬೇಕು ಎನ್ನುವ ಮಕ್ಕಳ ಕಾಯ್ದೆ ನಾನಿದ್ದಾಗಲೇ, 2018ರ ಸೆಪ್ಟೆಂಬರಿನಲ್ಲಿ ಅಲ್ಲಿ ಜಾರಿಗೆ ಬಂತು. ವಿದೇಶದಿಂದ ಬರುವ ನಮ್ಮಂಥವರ ಹಣ ಮತ್ತು ಕನಿಕರವೇ ಇಂಥ ಮನೆಗಳನ್ನು ಹೆಚ್ಚಿಸುತ್ತವೆಂಬ ಮಾತನ್ನು ನಾನು ಒಪ್ಪುತ್ತೇನೆ. ಹೋದವಳಾಗಿಯೇ ಇದನ್ನು ಹೇಳುತ್ತಿದ್ದೇನೆ.

ದಶೈಂ ಮುಗಿಸಿ ಹಣೆಯ ಮೇಲೆ ಅಕ್ಕಿ, ಮೊಸರು, ಕುಂಕುಮ ಕಲಸಿದ ಟೀಕಾ ಹೊತ್ತು ಮಕ್ಕಳು ಮರಳಿದ ಮೇಲೆ ನನ್ನ ಕೆಲಸದ ರೀತಿಯನ್ನೇ ಬದಲಿಸಿದೆ. ಮಡಿಲಲ್ಲಿ ಕೂರಿಸಿಕೊಳ್ಳುವುದು, ಮಲಗಿಸುವುದು, ಸಮಾಧಾನ ಮಾಡುವುದು ಇವೆಲ್ಲ ಉಳಿದುಕೊಳ್ಳುವ ಆಮಾ ಅವರ ಕೆಲಸವೆಂದು ಹಿಂದೆ ಸರಿದೆ. ಒಂಬತ್ತನೆಯ ತರಗತಿಯ ಇಬ್ಬರು ಹುಡುಗಿಯರಿಗೆ ಚಿಕ್ಕವರ ಗುಂಪನ್ನು ವಹಿಸಿ, ನಾನು ಹಿಂದೆ ಕುಳಿತು ನೋಡಿ, ಆಮೇಲೆ ಅವರೊಂದಿಗೆ ಮಾತಾಡುತ್ತಿದ್ದೆ. ಪ್ರತಿ ಮಗುವಿಗೂ ಒಂದೊಂದು ಪುಟದಂತೆ, ಏನು ಬರುತ್ತದೆ, ಎಲ್ಲಿ ತಡೆಯುತ್ತದೆ, ಯಾವುದನ್ನು ಕೇಳಬಾರದು ಎಂದು ನೇಪಾಳಿಯಲ್ಲೇ ಬರೆದಿಟ್ಟೆ. ನನ್ನ ಕಾಗುಣಿತವನ್ನು ಆ ಹುಡುಗಿಯರೇ ತಿದ್ದಿದರು.

ಹೊರಡಲು ನಾಲ್ಕು ದಿನವಿದ್ದಾಗ ನನ್ನ ಜಾಗಕ್ಕೆ ಪೋಖರಾ ಕಡೆಯ ನಿವೃತ್ತ ಶಿಕ್ಷಕಿಯೊಬ್ಬರು ಬಂದರು. ಆರು ವರ್ಷದ ಹುಡುಗ ಬಾಗಿಲ ಚೌಕಟ್ಟನ್ನು ಹಿಡಿದು ಅವರಿಗೂ ಅದೇ ಪ್ರಶ್ನೆ ಕೇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಬೆಂಕಿಕಡ್ಡಿಯ ಹುಡುಗಿ ಅವರ ಕೈ ಹಿಡಿದು ಊಟದ ಕೋಣೆಗೆ ಕರೆದೊಯ್ದಳು, ಕುರ್ಚಿ ಹತ್ತಿ ಕ್ಯಾಲೆಂಡರ್ ಇಳಿಸಿದಳು, ಕೆಂಪು ಪೆನ್ನನ್ನು ಅವರ ಕೈಗೆ ಕೊಟ್ಟಳು.